ಮೈಲುತುತ್ತ: ಮಲೆನಾಡಿನ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳ ಕೊನೆಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯ ಕಡೆ ಯಾರ ಮನೆಗೆ ಹೋದರೂ ಮಾತು ತುತ್ತ, ಸುಣ್ಣ ಮತ್ತು ಕೊನೆಗಾರರ ಸುತ್ತಲೇ ತಿರುಗುತ್ತದೆ. ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗವನ್ನು ತಡೆಯಲು, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೊನೆಗಾರರು ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಹೊಡೆಯುವ ಕಾಲ ಅದು. ಆ ಮಾತುಗಳಲ್ಲಿಯೂ ಬಂದ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಒಟ್ಟುಮಾಡಲಾಗಿದೆ. ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹರಳಾಗಿರುವಾಗ, ನೀಲಿ ನೀರಾಗಿರುವಾಗ, ಸುಣ್ಣ ಸೇರಿ ಬೋರ್ಡೋ ದ್ರಾವಣವಾದಾಗ, ಕೊನೆಗೆ ಮಣ್ಣು ಸೇರಿದಾಗ ತುತ್ತದ ಅಪಾಯ ಒಂದೇ ರೀತಿಯದಲ್ಲ. ಹೆಚ್ಚಿನ ಗೊಂದಲಗಳೆಲ್ಲ ಈ ನಾಲ್ಕು ಅವಸ್ಥೆಗಳನ್ನು ಒಂದೇ ಎಂದು ತಿಳಿಯುವುದರಿಂದ ಹುಟ್ಟುತ್ತವೆ.

## ಮೊದಲು ತಿಳಿಯಬೇಕಾದದ್ದು

ಮೈಲುತುತ್ತ ಅಂದ್ರೆ ಏನು? ಅದು ತಾಮ್ರವೋ, ಉಪ್ಪೋ, ವಿಷವೋ?

ಮೂರೂ ಹೌದು. ಅದು ತಾಮ್ರ ಮತ್ತು ಗಂಧಕಾಮ್ಲ ಸೇರಿ ಆದ ಲವಣ. ರಸಾಯನಶಾಸ್ತ್ರದಲ್ಲಿ ಕಾಪರ್ ಸಲ್ಫೇಟ್. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನ ಪ್ರತಿ ಅಣುವಿನೊಂದಿಗೆ ಐದು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ತೂಕದ ಲೆಕ್ಕದಲ್ಲಿ ಶುದ್ಧ ಹರಳಿನ ಶೇ. 25ರಷ್ಟು ಭಾಗ ತಾಮ್ರ, ಶೇ. 36ರಷ್ಟು ನೀರು. ಹರಳನ್ನು ಚೆನ್ನಾಗಿ ಕಾಯಿಸಿದರೆ ಆ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ, ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿಯಾಗುತ್ತದೆ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಇದನ್ನು ನೋಡದವರು ಕಡಿಮೆ.

ತಾಮ್ರ ನಮ್ಮ ದೇಹಕ್ಕೂ ಗಿಡಕ್ಕೂ ಅತ್ಯಲ್ಪ ಪ್ರಮಾಣದಲ್ಲಿ ಬೇಕು. ಆದರೆ ಈ ಹರಳು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಹೊಟ್ಟೆಗೆ ಹೋದರೆ ದೇಹಕ್ಕೆ ಒಮ್ಮೆಗೇ ಬಹಳ ತಾಮ್ರ ಸೇರುತ್ತದೆ. ಆಗ ಅದು ವಿಷವೇ.

ಅಡಿಕೆ ತೋಟ ಬಿಟ್ಟು ಇದನ್ನು ಬೇರೆ ಎಲ್ಲೆಲ್ಲಿ ಬಳಸ್ತಾರೆ?

ನಾವು ಊಹಿಸುವುದಕ್ಕಿಂತ ಹೆಚ್ಚು ಕಡೆ. ಲೋಹಕ್ಕೆ ತಾಮ್ರದ ಲೇಪ ಕೊಡುವ ಕಾರ್ಖಾನೆಗಳಿಗೆ ಇದು ಬೇಕು. ಈಜುಕೊಳದ ಪಾಚಿ ತೆಗೆಯಲು, ಮರದ ಕಂಬಗಳಿಗೆ ಗೆದ್ದಲು ಮತ್ತು ಶಿಲೀಂಧ್ರ ತಗುಲದಂತೆ ಮಾಡುವ ಸಂಸ್ಕರಣೆಯಲ್ಲಿ, ಜಾನುವಾರು ಮೇವಿನ ಖನಿಜ ಮಿಶ್ರಣಗಳಲ್ಲಿ, ಗೊರಸು ಕೊಳೆಯುವ ರೋಗಕ್ಕೆ ದನಗಳನ್ನು ನಿಲ್ಲಿಸುವ ಕಾಲುತೊಟ್ಟಿಯಲ್ಲಿಯೂ ಇದನ್ನು ಬಳಸುತ್ತಾರೆ. ಸಕ್ಕರೆ ಕಾಯಿಲೆಯವರ ಮೂತ್ರವನ್ನು ನೀಲಿ ದ್ರಾವಣದೊಂದಿಗೆ ಕಾಯಿಸಿ ಬಣ್ಣ ನೋಡುತ್ತಿದ್ದ ಕಾಲವನ್ನು ಕಂಡವರು ಈಗಲೂ ಇದ್ದಾರೆ. ಆ ಬೆನೆಡಿಕ್ಟ್ ದ್ರಾವಣದ ನೀಲಿ ಇದರದ್ದೇ.

ರಕ್ತದಾನ ಶಿಬಿರದಲ್ಲಿ ಬೆರಳಿನಿಂದ ತೆಗೆದ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಡುವುದನ್ನು ನೀವು ನೋಡಿರಬಹುದು. ಅದು ಸಾಂದ್ರತೆ 1.053ಕ್ಕೆ ಹೊಂದಿಸಿದ ತುತ್ತದ ನೀರು. ಹನಿ ಬೇಗನೆ ಮುಳುಗಿದರೆ ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದೂ ತೇಲಿದರೆ ಕಡಿಮೆಯಿದೆ ಎಂದೂ ಅರ್ಥ.

ಅಂಗಡೀಲಿ ಸಲೀಸಾಗಿ ಸಿಗುತ್ತಲ್ಲ, ಇದಕ್ಕೂ ಕಾನೂನು ಇದ್ಯಾ?

ಇದೆ. ಬೆಳೆಯ ರೋಗಕ್ಕೆಂದು ಮಾರುವಾಗ ಇದು 1968ರ ಕೀಟನಾಶಕ ಕಾಯ್ದೆಯ ಅನುಸೂಚಿಯಲ್ಲಿರುವ ವಸ್ತು. ಮಾರುವವರಿಗೆ ಪರವಾನಗಿ ಬೇಕು, ಪೊಟ್ಟಣದ ಮೇಲೆ ತಯಾರಕರ ಹೆಸರು, ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ, ಮುನ್ನೆಚ್ಚರಿಕೆ ಮತ್ತು ವಿಷದ ತೀವ್ರತೆಯನ್ನು ತೋರಿಸುವ ಬಣ್ಣದ ಗುರುತು ಇರಬೇಕು. ಕೆಂಪು ಅತ್ಯಂತ ತೀವ್ರ, ಅನಂತರ ಹಳದಿ, ನೀಲಿ, ಹಸಿರು. ಗೊಬ್ಬರವೆಂದು, ಅಂದರೆ ಲಘು ಪೋಷಕಾಂಶವೆಂದು ಮಾರುವಾಗ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅನ್ವಯಿಸುತ್ತದೆ. ಅದರಂತೆ ಕನಿಷ್ಠ ಶೇ. 24 ತಾಮ್ರ ಇರಲೇಬೇಕು.

ಮೂಟೆ ಬಿಚ್ಚಿ, ತಕ್ಕಡಿಯಲ್ಲಿ ತೂಗಿ, ಚೀಟಿಯಿಲ್ಲದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಡುವ ಪದ್ಧತಿ ಈ ಎರಡೂ ನಿಯಮಗಳಿಗೆ ಹೊರಗಿನದು. ಬಿಲ್ಲು ಕೇಳಿ ತೆಗೆದುಕೊಳ್ಳಿ. ಮಾಲು ಕಳಪೆಯೆಂದು ನಂತರ ದೂರು ಕೊಡಬೇಕಾದರೆ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ.

ಅಡಿಕೆಗೆ ಇದನ್ನು ಹೊಡೆಯೋಕೆ ಶುರು ಮಾಡಿದ್ದು ಯಾವಾಗ?

ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗುಲದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು.

ನಮ್ಮಲ್ಲಿ ಅದಕ್ಕೆ ಮೊದಲು ಇದ್ದ ಉಪಾಯ ಕೊಟ್ಟೆ ಕಟ್ಟುವುದು. ಹಾಳೆ ಅಥವಾ ಹುಲ್ಲಿನ ಹೊದಿಕೆಯನ್ನು ಪ್ರತಿ ಕೊನೆಗೂ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದ ಲೆಸ್ಲಿ ಕೋಲ್‌ಮನ್ ಕೊಳೆರೋಗಕ್ಕೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿ, 1910ರ ವರದಿಯಲ್ಲಿ ವಿವರವಾಗಿ ದಾಖಲಿಸಿದರು. ಬೋರ್ಡೋ ದ್ರಾವಣ ಮಲೆನಾಡಿನ ತೋಟಕ್ಕೆ ಬಂದದ್ದು ಅವರ ಕೆಲಸದಿಂದ. ನೂರು ವರ್ಷ ದಾಟಿದರೂ ಅದೇ ಔಷಧಿ ನಡೆಯುತ್ತಿದೆ. ತಾಮ್ರ ಆ ಜೀವಿಯನ್ನು ಒಂದೇ ಕಡೆಯಲ್ಲದೆ ಹಲವು ಕಡೆ ಹೊಡೆಯುವುದರಿಂದ ಅದಕ್ಕೆ ನಿರೋಧ ಬೆಳೆಸಿಕೊಳ್ಳುವುದು ಕಷ್ಟ.

## ದ್ರಾವಣ ಮಾಡುವಾಗ

ಒಂದು ಕೆ.ಜಿ. ತುತ್ತಕ್ಕೆ ಎಷ್ಟು ಸುಣ್ಣ? ಯಾವುದನ್ನು ಯಾವುದಕ್ಕೆ ಹೊಯ್ಯಬೇಕು?

ಶೇ. 1ರ ದ್ರಾವಣಕ್ಕೆ 1 ಕೆ.ಜಿ. ತುತ್ತ, 1 ಕೆ.ಜಿ. ಒಳ್ಳೆಯ ಸುಟ್ಟ ಸುಣ್ಣ, ಒಟ್ಟು 100 ಲೀಟರ್ ನೀರು. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ತುತ್ತ, ಇನ್ನೊಂದರಲ್ಲಿ 50 ಲೀಟರ್ ನೀರಿಗೆ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ, ಕೋಲಿನಿಂದ ತಿರುಗಿಸುತ್ತ ಹೊಯ್ಯಬೇಕು. ಅಥವಾ ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಬಿಡಬೇಕು. ಸುಣ್ಣವನ್ನು ತುತ್ತಕ್ಕೆ ಸುರಿದರೆ ಕಣಗಳು ಒರಟಾಗಿ ಬೇಗನೆ ತಳ ಸೇರುತ್ತವೆ, ಪಂಪಿನ ನಾಸಲು (ಸಿಂಪಡಿಸುವ ಮೂತಿ) ಕಟ್ಟಿಕೊಳ್ಳುತ್ತದೆ, ಅಡಿಕೆ ಕೊನೆಗೆ ಅಂಟುವುದೂ ಕಡಿಮೆ.

ಹರಳನ್ನು ಡ್ರಮ್ಮಿನ ತಳಕ್ಕೆ ಹಾಕಿ ಕದಡುತ್ತ ನಿಲ್ಲುವವರಿದ್ದಾರೆ. ಅದರ ಬದಲು ಗೋಣಿ ಬಟ್ಟೆಯಲ್ಲಿ ಕಟ್ಟಿ, ಡ್ರಮ್ಮಿನ ಬಾಯಿಗೆ ಅಡ್ಡ ಇಟ್ಟ ಕೋಲಿಗೆ ತೂಗುಹಾಕಿ, ಗಂಟು ನೀರಿನ ಮೇಲ್ಮಟ್ಟದಲ್ಲಿ ಮುಳುಗುವಂತೆ ಬಿಡಿ. ಕರಗಿದ ನೀರು ಭಾರವಾದ್ದರಿಂದ ಗಂಟಿನ ಅಡಿಯಿಂದ ನೀಲಿ ಎಳೆಗಳಾಗಿ ಕೆಳಗಿಳಿಯುತ್ತದೆ, ತಿಳಿನೀರು ಮೇಲಕ್ಕೆ ಬರುತ್ತದೆ. ರಾತ್ರಿ ಕಟ್ಟಿದರೆ ಬೆಳಿಗ್ಗೆ ಬಟ್ಟೆ ಖಾಲಿ. ಹೀಗೆ ಮಾಡಿದರೆ ಕೈ ಮುಳುಗಿಸುವ ಅಗತ್ಯವೇ ಬರುವುದಿಲ್ಲ, ನೀಲಿ ನೀರು ಮುಖಕ್ಕೆ ಸಿಡಿಯುವುದಿಲ್ಲ. ಸುರಕ್ಷತೆಯ ಸಲಹೆಗಳಲ್ಲಿ ಖರ್ಚಿಲ್ಲದೆ ಕೆಲಸವನ್ನೂ ಹಗುರಮಾಡುವಂಥದ್ದು ಇದೊಂದೇ ಎಂದು ನನ್ನ ಅನಿಸಿಕೆ.

ಸುಟ್ಟ ಸುಣ್ಣವನ್ನು ಅರಳಿಸುವಾಗ ಅದು ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ. ಸುಣ್ಣದ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ಮುಖ ದೂರವಿಟ್ಟು ಅರಳಿಸಿ, ಪೂರ್ತಿ ತಣಿದ ಮೇಲೆ ಸೋಸಿ ಬಳಸಿ. ಬಿಸಿ ಸುಣ್ಣದ ನೀರಿಗೆ ತುತ್ತ ಬೆರೆಸಿದರೆ ದ್ರಾವಣ ಕಪ್ಪಾಗಿ ಕೆಡುತ್ತದೆ.

ಚಾಕು ಅದ್ದಿ ನೋಡೋದು ಬರೀ ಶಾಸ್ತ್ರಾನಾ?

ಶಾಸ್ತ್ರವಲ್ಲ, ಅದು ನಿಜವಾದ ರಾಸಾಯನಿಕ ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅಥವಾ ಬ್ಲೇಡನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ, ಸುಣ್ಣದೊಂದಿಗೆ ಸೇರದೆ ಉಳಿದ ತಾಮ್ರ ನೀರಿನಲ್ಲಿದೆ ಎಂದರ್ಥ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಕೂರುತ್ತದೆ. ಅಂಥ ದ್ರಾವಣ ಮಿಳ್ಳೆಯನ್ನೂ (ಎಳೆಗಾಯಿ) ಸಿಂಗಾರವನ್ನೂ (ಹೂಗೊಂಚಲು) ಸುಡುತ್ತದೆ, ಹೊಡೆಯುವವರ ಚರ್ಮಕ್ಕೂ ಕಣ್ಣಿಗೂ ಹೆಚ್ಚು ಕೆಟ್ಟದ್ದು. ಲೇಪ ಬರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸುತ್ತ ಹೋಗಿ. ನೀಲಿ ಲಿಟ್ಮಸ್ ಕಾಗದ ಇದ್ದರೆ ಅದು ಕೆಂಪಾಗಬಾರದು.

ಹಳೆಯ, ಗಾಳಿಗೆ ಸಿಕ್ಕ ಸುಣ್ಣದಲ್ಲಿ ಕಸುವು ಇರುವುದಿಲ್ಲ. ಹಾಗಾಗಿ ಒಂದಕ್ಕೊಂದು ಎಂಬ ತೂಕದ ಲೆಕ್ಕವನ್ನು ನಂಬಿ ಈ ಪರೀಕ್ಷೆ ಬಿಡಬಾರದು.

ಕಬ್ಬಿಣದ ಡ್ರಮ್ ಆಗಲ್ವಾ?

ಆಗುವುದಿಲ್ಲ. ಚಾಕುವಿಗೆ ಆದದ್ದೇ ಡ್ರಮ್ಮಿಗೂ ಆಗುತ್ತದೆ: ಡ್ರಮ್ ತೂತಾಗುತ್ತದೆ, ತುತ್ತ ವ್ಯರ್ಥವಾಗುತ್ತದೆ. ತಗಡು ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೂ ಇದೇ ಗತಿ. ಪ್ಲಾಸ್ಟಿಕ್, ಸಿಮೆಂಟ್ ತೊಟ್ಟಿ ಅಥವಾ ಮರದ ಪಾತ್ರೆ ಬಳಸಿ, ಪಂಪು ಮತ್ತು ನಾಸಲನ್ನು ಅಂದೇ ತೊಳೆಯಿರಿ.

ನಿನ್ನೆ ಮಳೆ ಬಂತು, ಅರ್ಧ ಡ್ರಮ್ ಔಷಧಿ ಉಳೀತು. ಇವತ್ತು ಹೊಡೀಬಹುದಾ?

ಹೊಡೆದರೆ ಕೂಲಿಯೂ ನಷ್ಟ. ಬೆರೆಸಿದ ಕೆಲವೇ ಗಂಟೆಗಳಲ್ಲಿ ಕಣಗಳು ಒಟ್ಟುಗೂಡಿ ದೊಡ್ಡದಾಗುತ್ತವೆ, ಅಂಟುವ ಗುಣ ಹೋಗುತ್ತದೆ. ಹದ ಕಾಣದ ದಿನ ತುತ್ತದ ನೀರನ್ನೂ ಸುಣ್ಣದ ನೀರನ್ನೂ ಬೇರೆ ಬೇರೆಯಾಗಿ ಮುಚ್ಚಿಟ್ಟು, ಮೋಡ ಬಿಟ್ಟಾಗ ಬೇಕಾದಷ್ಟನ್ನೇ ಬೆರೆಸಿಕೊಳ್ಳುವುದು ಜಾಣತನ. ಬೇರೆಯಾಗಿ ಇಟ್ಟ ನೀಲಿ ನೀರು ಮಾತ್ರ ಇಡೀ ಕೆಲಸದಲ್ಲೇ ಅತ್ಯಂತ ಅಪಾಯದ ವಸ್ತು. ಮುಚ್ಚಳವಿಲ್ಲದೆ, ಮಕ್ಕಳು ಮತ್ತು ದನಗಳು ಸುಳಿಯುವ ಕಡೆ ಅದನ್ನು ಬಿಡಬೇಡಿ.

ತುತ್ತ ಕಲಬೆರಕೆ ಅಂತ ಗೊತ್ತಾಗೋದು ಹೇಗೆ?

ಅಗ್ಗದ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್ ಬೆರೆಸುವುದು ಹಳೆಯ ಮೋಸ. ಹರಳಿನಲ್ಲಿ ಹಸಿರು ಛಾಯೆ ಕಂಡರೆ ಸಂಶಯಪಡಬಹುದು. ಸುಣ್ಣ ಸೇರಿಸಿದಾಗ ಶುದ್ಧ ತುತ್ತ ಆಕಾಶನೀಲಿಯಾಗುತ್ತದೆ; ಅನ್ನಭೇದಿ ಇದ್ದರೆ ಬಣ್ಣ ಮಾಸಲು ಹಸಿರಾಗಿ, ಸ್ವಲ್ಪ ಹೊತ್ತಿನಲ್ಲಿ ತುಕ್ಕಿನ ಕಂದು ಬಣ್ಣಕ್ಕೆ ತಿರುಗುತ್ತದೆ.

ಖರ್ಚು ಉಳಿಸೋಕೆ ಕೀಟನಾಶಕಾನೂ ಅದಕ್ಕೇ ಸೇರಿಸಬಹುದಾ?

ಬೇಡ. ಬೋರ್ಡೋ ಕ್ಷಾರೀಯ ದ್ರಾವಣ. ಹಲವು ಕೀಟನಾಶಕಗಳು ಕ್ಷಾರದಲ್ಲಿ ಒಡೆದು ಹೋಗುತ್ತವೆ. ರಾಳದಿಂದ ಮಾಡಿದ ಅಂಟನ್ನು ಮಾತ್ರ ಸೇರಿಸುವ ರೂಢಿಯಿದೆ, ಅದು ಸರಿ.

## ಮೈ, ಕಣ್ಣು, ಹೊಟ್ಟೆ

ನಮ್ಮಜ್ಜ ಬರಿಗೈಯಲ್ಲೇ ಕಲಸ್ತಿದ್ರು, ಏನೂ ಆಗಿರ್ಲಿಲ್ಲ. ಈಗ ಯಾಕೆ ಇಷ್ಟೆಲ್ಲ ಹೆದರಿಸ್ತೀರಿ?

ಹೆದರಿಸುವ ಉದ್ದೇಶವಿಲ್ಲ. ಸರಿಯಾಗಿ ಸುಣ್ಣ ಸೇರಿದ ದ್ರಾವಣ ಚರ್ಮದ ಮೇಲೆ ಬಿದ್ದರೆ ಸಾಮಾನ್ಯವಾಗಿ ತುರಿಕೆ, ಒಣಗಿ ಬಿರಿಯುವುದು, ಉಗುರಿನ ಸಂದಿಯಲ್ಲಿ ನೀಲಿ ಕಲೆ, ಇಷ್ಟೇ. ಚರ್ಮದ ಮೂಲಕ ಒಳಗೆ ಹೋಗುವ ತಾಮ್ರವೂ ಕಡಿಮೆ. ಆದರೆ ಗಾಯವಿರುವ ಕೈಯಲ್ಲಿ ಬರಿಯ ನೀಲಿ ನೀರನ್ನು ಕಲಸುವುದು ಬೇರೆ ವಿಷಯ. ಅದು ಆಮ್ಲೀಯ, ಗಾಯವನ್ನು ಸುಡುತ್ತದೆ. ಅಜ್ಜನ ಕಾಲದಲ್ಲಿ ಕೊನೆಗಾರ ಮರ ಹತ್ತಿ, ಕೊನೆಯ ಮಟ್ಟದಿಂದ ಹೊಡೆಯುತ್ತಿದ್ದ. ಈಗ ನೆಲದಲ್ಲಿ ನಿಂತು ಉದ್ದನೆಯ ದೋಟಿಯಿಂದ ಮೇಲಕ್ಕೆ ಹೊಡೆಯುವವರು ಹೆಚ್ಚಾಗಿದ್ದಾರೆ. ತಲೆಯೆತ್ತಿ ನೋಡುತ್ತಿರುವವರ ಮುಖದ ಮೇಲೇ ಹನಿ ಇಳಿಯುತ್ತದೆ. ಹಾಗಾಗಿ ಅಂಚು ಅಗಲವಿರುವ ಟೋಪಿ, ಕಣ್ಣಿಗೆ ಬಿಗಿಯಾಗಿ ಕೂರುವ ಕನ್ನಡಕ, ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಇವಿಷ್ಟು ಈಗ ಅಂದಿಗಿಂತ ಹೆಚ್ಚು ಅಗತ್ಯ.

ಪ್ರಶ್ನೆಗೆ ಹೊರತಾದರೂ ಒಂದು ಮಾತು: ಕಾರ್ಬನ್ ಫೈಬರ್ ಮತ್ತು ಅಲ್ಯೂಮಿನಿಯಂ ದೋಟಿಗಳೆರಡೂ ವಿದ್ಯುತ್ ಹರಿಸುತ್ತವೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿಗೆ ದೋಟಿ ಎತ್ತಲೇಬೇಡಿ.

ಕಣ್ಣಿಗೆ ಹಾರಿದ್ರೆ ಏನು ಮಾಡ್ಬೇಕು?

ಆ ಕ್ಷಣವೇ, ಅಲ್ಲೇ, ಶುದ್ಧ ನೀರಿನಿಂದ ತೊಳೆಯಲು ಶುರುಮಾಡಬೇಕು. ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಕನಿಷ್ಠ 15ರಿಂದ 20 ನಿಮಿಷ ಬಿಡದೆ ನೀರು ಹರಿಸಿ, ಆಮೇಲೆ ಕಣ್ಣಿನ ವೈದ್ಯರ ಬಳಿ ಹೋಗಿ. ತುತ್ತವೂ ಕಣ್ಣಿಗೆ ಗಂಭೀರ ಹಾನಿ ಮಾಡುತ್ತದೆ, ಸುಣ್ಣ ಇನ್ನೂ ಕ್ರೂರ. ಸುಣ್ಣದ ಕಣ ರೆಪ್ಪೆಯೊಳಗೆ ಉಳಿದರೆ ಸುಡುತ್ತಲೇ ಇರುತ್ತದೆ. ಎದೆಹಾಲು, ಜೇನು, ಹರಳೆಣ್ಣೆ ಬಿಡುವ ಮನೆಮದ್ದುಗಳು ತೊಳೆಯುವ ಸಮಯವನ್ನು ತಿನ್ನುತ್ತವೆ. ಬೆರೆಸುವ ಜಾಗದಲ್ಲಿ ಒಂದು ಕೊಡ ಶುದ್ಧ ನೀರನ್ನು ಇದಕ್ಕೆಂದೇ ಇಟ್ಟುಕೊಂಡಿರಬೇಕು. ಡ್ರಮ್ಮಿನ ಪಕ್ಕದ ತೊಳೆನೀರು ಆಗದು.

ಮಗು ಹರಳು ಬಾಯಿಗೆ ಹಾಕ್ಕೊಂಡ್ರೆ, ಅಥವಾ ಯಾರಾದ್ರೂ ಕುಡಿದ್ಬಿಟ್ರೆ?

ಬಾಯಿಯಲ್ಲಿ ಉಳಿದದ್ದನ್ನು ತೆಗೆದು, ಬಾಯಿ ಮುಕ್ಕಳಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, 108ಕ್ಕೆ ಕರೆಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ 1800 116 117 ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ ಸಲಹೆ ಕೇಳಬಹುದು. ಪೊಟ್ಟಣವನ್ನೋ ಅದರ ಚಿತ್ರವನ್ನೋ ಜೊತೆಗೆ ಒಯ್ಯಿರಿ.

ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ತುತ್ತ ತಾನಾಗಿಯೇ ವಾಂತಿ ತರಿಸುತ್ತದೆ, ಇಳಿಯುವಾಗ ಸುಟ್ಟ ಗಂಟಲನ್ನು ಮೇಲೆ ಬರುವಾಗ ಮತ್ತೆ ಸುಡುತ್ತದೆ. ಉಪ್ಪುನೀರು ಸ್ವತಃ ಅಪಾಯಕಾರಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹಸಿರು-ನೀಲಿ ವಾಂತಿ, ಹೊಟ್ಟೆನೋವು, ಬಾಯಲ್ಲಿ ಲೋಹದ ರುಚಿ, ಇವೆಲ್ಲ ಮೊದಲ ಕೆಲವು ಗಂಟೆಗಳ ಲಕ್ಷಣಗಳು. ಅವು ಕಡಿಮೆಯಾದಾಗ “ಎಲ್ಲಾ ಹೊರಗೆ ಹೋಯ್ತು, ಸರಿಹೋಯ್ತು” ಎಂದು ಮನೆಗೆ ಕರೆತರುತ್ತಾರೆ. ಆದರೆ ರಕ್ತ ಸೇರಿದ ತಾಮ್ರ ಕೆಂಪು ರಕ್ತಕಣಗಳನ್ನು ಒಡೆಯುವುದು ಆನಂತರ. ಮರುದಿನ ಅಥವಾ ಅದರ ಮರುದಿನ ಮೂತ್ರ ಕಪ್ಪಾಗುವುದು, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಕಾಣಿಸಿಕೊಳ್ಳಬಹುದು. ಯಕೃತ್ತಿಗೂ (ಲಿವರ್) ಮೂತ್ರಪಿಂಡಕ್ಕೂ ಪೆಟ್ಟು ಬಿದ್ದರೆ ಡಯಾಲಿಸಿಸ್ ಬೇಕಾದೀತು. ತಾಮ್ರವನ್ನು ಹಿಡಿದು ಹೊರಹಾಕುವ ಪೆನಿಸಿಲಮೈನ್‌ನಂಥ ಔಷಧಿಗಳಿವೆ, ಆದರೆ ಅವು ವೈದ್ಯರ ಕೈಯಲ್ಲಿರಬೇಕಾದವು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಎಂದರೆ, ರೋಗಿ ಎದ್ದು ಮಾತನಾಡುತ್ತಿದ್ದರೂ, ಹೋಗಲೇಬೇಕು.

ಜೀವ ಬೇಸತ್ತ ಮಾತು ಮನೆಯಲ್ಲಿ ಯಾರ ಬಾಯಲ್ಲಾದರೂ ಬಂದಿದ್ದರೆ, ತುತ್ತವನ್ನೂ ಇತರ ತೋಟದ ಔಷಧಿಗಳನ್ನೂ ಬೀಗ ಹಾಕಿ ಇಡುವುದು ಮತ್ತು ಅವರೊಂದಿಗೆ ಕೂತು ಮಾತನಾಡುವುದು ಅಂದೇ ಆಗಬೇಕಾದ ಕೆಲಸ. ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ತೆರೆದಿರುತ್ತದೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಹುಳುಕಡ್ಡಿಗೆ, ಬಾಯಿಹುಣ್ಣಿಗೆ ತುತ್ತ ಹಚ್ಚೋದು ಸರೀನಾ?

ತೋಟದ ತುತ್ತವನ್ನು ಹಚ್ಚಬಾರದು. ಆಯುರ್ವೇದದಲ್ಲಿ ತುತ್ಥವನ್ನು ಶೋಧನೆ ಮಾಡಿ ಅಳತೆಯಿಂದ ಬಳಸುವ ಕ್ರಮವಿದೆ, ಅದು ಬಲ್ಲ ವೈದ್ಯರ ಕೆಲಸ. ವಾಂತಿ ಮಾಡಿಸಲು ಇದನ್ನು ಕೊಡುತ್ತಿದ್ದ ಪದ್ಧತಿಯನ್ನು ಆಧುನಿಕ ವೈದ್ಯಪದ್ಧತಿ ಎಂದೋ ಕೈಬಿಟ್ಟಿದೆ. ಬಾಯಿಗೆ ಹಚ್ಚಿದ್ದು ಹೊಟ್ಟೆಗೆ ಹೋಗದೆ ಇರುವುದಿಲ್ಲ.

ಇಪ್ಪತ್ತು ವರ್ಷದಿಂದ ಔಷಧಿ ಹೊಡೀತಿದೀನಿ. ಶ್ವಾಸಕೋಶಕ್ಕೆ ತೊಂದರೆ ಇದ್ಯಾ?

ಇರಬಹುದು ಎನ್ನಲು ಆಧಾರವಿದೆ. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ದ್ರಾಕ್ಷಿ ಬಳ್ಳಿಗಳಿಗೆ ಬೋರ್ಡೋ ಹೊಡೆದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿದ ಗಂಟುಗಳನ್ನೂ ಗಾಯದ ಗುರುತುಗಳನ್ನೂ ಕಂಡು, ಅದನ್ನು ಒಂದು ಪ್ರತ್ಯೇಕ ವೃತ್ತಿರೋಗವೆಂದು 1969ರಲ್ಲಿ ವೈದ್ಯರು ವರ್ಣಿಸಿದರು. ನಮ್ಮಲ್ಲಿ ಹೊಡೆಯುವ ದಿನಗಳು ಕಡಿಮೆ, ಮಳೆಗಾಲದ ಗಾಳಿಯೂ ಒದ್ದೆ. ಆದರೆ ಹತ್ತಾರು ತೋಟಗಳಿಗೆ ಕೂಲಿಗೆ ಹೋಗಿ ಹೊಡೆಯುವವರಿಗೆ ಈ ಸಮಾಧಾನ ಸಾಲದು. ಮುಖಕ್ಕೆ ಸುತ್ತಿದ ಟವೆಲ್ ದೊಡ್ಡ ಹನಿಯನ್ನು ತಡೆಯುತ್ತದೆಯೇ ಹೊರತು ಸಣ್ಣ ತುಂತುರನ್ನಲ್ಲ; ಅದಕ್ಕೆ ಮೂಗು-ಬಾಯಿಗೆ ಬಿಗಿಯಾಗಿ ಕೂರುವ ಮುಖಗವಸು ಬೇಕು. ಅದನ್ನು ಕೊಡಿಸುವುದು ತೋಟದ ಯಜಮಾನರ ಜವಾಬ್ದಾರಿ. ಒಣಕೆಮ್ಮು, ಏರು ಹತ್ತುವಾಗ ಉಸಿರು ಕಟ್ಟುವುದು ಇದ್ದರೆ ವೈದ್ಯರಿಗೆ ನಿಮ್ಮ ಕೆಲಸ ಏನೆಂಬುದನ್ನು ಮರೆಯದೆ ಹೇಳಿ.

## ದನ, ಬಾವಿ, ಹೊಳೆ

ಔಷಧಿ ಹೊಡೆದ ತೋಟದ ಹುಲ್ಲನ್ನು ದನಕ್ಕೆ ಹಾಕಬಹುದಾ?

ಹೊಡೆದ ಕೂಡಲೇ ಬೇಡ. ದನಗಳು ತಕ್ಕಮಟ್ಟಿಗೆ ತಾಮ್ರ ತಡೆದುಕೊಳ್ಳುತ್ತವೆ, ಕುರಿಗಳಂತೂ ತೀರ ಸೂಕ್ಷ್ಮ. ಅವುಗಳ ಯಕೃತ್ತಿನಲ್ಲಿ ತಾಮ್ರ ಸದ್ದಿಲ್ಲದೆ ಶೇಖರವಾಗಿ ಒಂದು ದಿನ ಏಕಾಏಕಿ ಸಾಯುತ್ತವೆ. ಅನುಕೂಲವಾದ ದಾರಿಯೆಂದರೆ ಹೊಡೆಯುವ ಮುನ್ನಾದಿನವೇ ಹುಲ್ಲು ಕೊಯ್ದುಕೊಳ್ಳುವುದು, ಹೊಡೆದ ಮೇಲಿನ ಮೊದಲ ಕೊಯ್ಲನ್ನು ಅಡಿಕೆ ಬುಡಕ್ಕೇ ಮುಚ್ಚಿಗೆಯಾಗಿ ಬಿಡುವುದು. ಮರಕ್ಕೆ ಹಬ್ಬಿಸಿದ ವೀಳ್ಯದೆಲೆಯನ್ನೂ ಹೊಡೆಯುವ ಮೊದಲೇ ಕೊಯ್ದುಬಿಡಿ.

ಬಾವಿಯಲ್ಲಿ ಪಾಚಿ ಕಟ್ಟಿದೆ, ಸ್ವಲ್ಪ ತುತ್ತ ಹಾಕಿದ್ರೆ?

ಕುಡಿಯುವ ನೀರಿನ ಬಾವಿಗೆ ಹಾಕಬೇಡಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿ.ಗ್ರಾಂ. ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ.ವರೆಗೆ ಒಪ್ಪಬಹುದು. 10,000 ಲೀಟರ್ ನೀರಿರುವ ಬಾವಿಗೆ ಕೇವಲ 60 ಗ್ರಾಂ ತುತ್ತ ಬಿದ್ದರೂ ಆ ಮೇಲಿನ ಮಿತಿ ಮುಟ್ಟುತ್ತದೆ. ಒಂದು ಮುಷ್ಟಿ ಹಾಕುವವರು ಇದನ್ನು ಲೆಕ್ಕ ಹಾಕಿರುವುದಿಲ್ಲ.

ಡ್ರಮ್ ತೊಳೆದ ನೀರು ಹಳ್ಳಕ್ಕೆ ಹೋದ್ರೆ ಮೀನು ಸಾಯುತ್ತಾ?

ಸಾಯಬಹುದು. ತಾಮ್ರ ಮನುಷ್ಯರಿಗಿಂತ ಜಲಚರಗಳಿಗೆ ಬಹಳ ಪಟ್ಟು ಹೆಚ್ಚು ವಿಷ. ಅದು ಮೀನಿನ ಕಿವಿರಿಗೇ ಪೆಟ್ಟು ಕೊಡುತ್ತದೆ. ನಮ್ಮ ಹಳ್ಳಗಳ ನೀರು ಮೃದು, ಅಂದರೆ ಅದರಲ್ಲಿ ಕರಗಿದ ಸುಣ್ಣದ ಅಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರದ ಕಟುತ್ವ ಇನ್ನೂ ಹೆಚ್ಚುತ್ತದೆ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ನಾವು ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ಆ ಹೊಳೆಗೆ ಸೇರುವುದು ನಮ್ಮ ತೋಟದ ಬಸಿಗಾಲುವೆಗಳ ನೀರೇ. ಡ್ರಮ್ಮು, ಪಂಪು ತೊಳೆದ ನೀರನ್ನು ಕಾಲುವೆಯಿಂದ ದೂರ, ತೋಟದೊಳಗಿನ ಮಣ್ಣಿಗೆ ಹರಡಿ ಚೆಲ್ಲಿ. ಖಾಲಿ ಚೀಲವನ್ನು ಹೊಳೆಯಲ್ಲಿ ಜಾಲಿಸಿ ಬೇರೆ ಕೆಲಸಕ್ಕೆ ಇಟ್ಟುಕೊಳ್ಳುವುದು ಎರಡು ಪಟ್ಟು ತಪ್ಪು.

## ಇನ್ನಷ್ಟು ಆಳದ ಪ್ರಶ್ನೆಗಳು

ಪ್ರತಿ ವರ್ಷ ಹೊಡೆದ ತಾಮ್ರ ಎಲ್ಲಿಗೆ ಹೋಗುತ್ತೆ?

ಎಲ್ಲಿಗೂ ಹೋಗುವುದಿಲ್ಲ. ಉಳಿದ ಔಷಧಿಗಳು ಬಿಸಿಲಿಗೆ, ಸೂಕ್ಷ್ಮಾಣುಗಳಿಗೆ ಸಿಕ್ಕಿ ಒಡೆಯುತ್ತವೆ. ತಾಮ್ರ ಮೂಲಧಾತುವಾದ್ದರಿಂದ ಒಡೆಯಲು ಅದರಲ್ಲೇನೂ ಇಲ್ಲ. ಮಳೆಗೆ ತೊಳೆದು ನೆಲಕ್ಕಿಳಿದು ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿ ಕೂರುತ್ತದೆ.

ಒಂದು ಲೆಕ್ಕ ಮಾಡೋಣ. ಎಕರೆಗೆ ಒಂದು ಸಲಕ್ಕೆ 400 ಲೀಟರ್ ಹೊಡೆದಿರಿ ಎಂದುಕೊಳ್ಳಿ. ಅದರಲ್ಲಿ 4 ಕೆ.ಜಿ. ತುತ್ತ, ಅಂದರೆ ಸುಮಾರು 1 ಕೆ.ಜಿ. ತಾಮ್ರ. ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆದರೆ ವರ್ಷಕ್ಕೆ ಎಕರೆಗೆ 2 ಕೆ.ಜಿ., ಹೆಕ್ಟೇರಿಗೆ 5 ಕೆ.ಜಿ. ಯುರೋಪ್ ಒಕ್ಕೂಟ ತನ್ನ ರೈತರಿಗೆ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ., ಅಂದರೆ ಸರಾಸರಿ ವರ್ಷಕ್ಕೆ 4 ಕೆ.ಜಿ.ಯ ಮಿತಿ ಹಾಕಿದೆ. ಮಳೆ ಜೋರಾದ ವರ್ಷ ನಾವು ಮೂರನೆಯ ಸಲವೂ ಹೊಡೆಯುತ್ತೇವೆ. ವರ್ಷಕ್ಕೆ 7000 ಮಿ.ಮೀ. ದಾಟಿ ಸುರಿಯುವ ಆಗುಂಬೆಯ ಮಳೆಯನ್ನು ಫ್ರಾನ್ಸಿನ ಮಳೆಯೊಂದಿಗೆ ಹೋಲಿಸಲಾಗದು ನಿಜ, ಆದರೆ ಎರೆಹುಳಕ್ಕೆ ಆ ವ್ಯತ್ಯಾಸ ತಿಳಿಯದು.

ತಾಮ್ರ ಹೆಚ್ಚಾದ ಮಣ್ಣಿನಲ್ಲಿ ಎರೆಹುಳ ಕಡಿಮೆಯಾಗುತ್ತದೆ, ಬೇರುಗಳು ಮೊಂಡಾಗುತ್ತವೆ, ಗಿಡಕ್ಕೆ ಕಬ್ಬಿಣ ಮತ್ತು ಸತು ದಕ್ಕುವುದು ಕುಗ್ಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ತಾಮ್ರ ಹೆಚ್ಚು ಸಡಿಲವಾಗಿ ಓಡಾಡುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್ ಜೊತೆಗೆ ತಾಮ್ರವನ್ನೂ ನೋಡಲು ಹೇಳಿ. ಪಿ.ಎಚ್. ನೋಡಿ ಕೃಷಿ ಸುಣ್ಣ ಹಾಕುವುದರಿಂದ, ಸೊಪ್ಪು-ಗೊಬ್ಬರ ಕೊಡುವುದರಿಂದ ತಾಮ್ರದ ಚಟುವಟಿಕೆ ತಗ್ಗುತ್ತದೆ. ತಾಮ್ರ ಮಾತ್ರ ಅಲ್ಲೇ ಇರುತ್ತದೆ.

ಹೊಡೆದ ತಾಮ್ರ ಅಡಿಕೆಯೊಳಗೂ ಹೋಗುತ್ತಾ? ಅದರಿಂದಲೇ ಬಾಯಿ ಕ್ಯಾನ್ಸರ್ ಅಂತಾರಲ್ಲ?

ಎರಡು ವಿಷಯಗಳು ಇಲ್ಲಿ ಬೆರೆತುಹೋಗಿವೆ. ದ್ರಾವಣ ಕೂರುವುದು ಸಿಪ್ಪೆಯ ಮೇಲೆ, ಸುಲಿದಾಗ ಅದು ಹೋಗುತ್ತದೆ. ಆದರೆ ಅಡಿಕೆಯಲ್ಲಿ ಸಹಜವಾಗಿಯೇ ಇತರ ಬೀಜಗಳಿಗಿಂತ ಹೆಚ್ಚು ತಾಮ್ರವಿದೆ. ಅದಕ್ಕೆ ನಾವು ಕೆಂಪಡಿಕೆ ಬೇಯಿಸುವ ತಾಮ್ರದ ಹಂಡೆಯೂ ತನ್ನ ಪಾಲು ಸೇರಿಸಬಹುದು. ಅಡಿಕೆ ಜಗಿಯುವವರಲ್ಲಿ ಬಾಯಿ ತೆರೆಯಲಾಗದಂತೆ ಬಿಗಿಯುವ ಕಾಯಿಲೆಯಲ್ಲಿ ತಾಮ್ರದ ಪಾತ್ರವಿದೆ ಎಂದು ಸಂಶೋಧಕರು ಹೇಳುವುದುಂಟು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ್ದು ಅಡಿಕೆಯನ್ನೇ, ಅದಕ್ಕೆ ಹೊಡೆದ ಔಷಧಿಯನ್ನಲ್ಲ. ಬೆಳೆಗಾರರಾದ ನಮಗೆ ಈ ಮಾತು ರುಚಿಸುವುದಿಲ್ಲ. ಆದರೂ ಆಪಾದನೆಯನ್ನೆಲ್ಲ ತುತ್ತದ ತಲೆಗೆ ಕಟ್ಟುವುದು ಸರಿಯಲ್ಲ.

ಬೋರ್ಡೋ ಹೊಡೆದ್ರೆ ಸಾವಯವ ತೋಟ ಅನ್ನಬಹುದಾ?

ಪ್ರಮಾಣೀಕರಣದ ನಿಯಮಗಳು ತಾಮ್ರದ ಲವಣಗಳನ್ನು ನಿರ್ಬಂಧದೊಂದಿಗೆ ಒಪ್ಪುತ್ತವೆ. ಪ್ರಮಾಣವನ್ನು ದಾಖಲಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗೆ ತೋರಿಸಬೇಕು. ಒಪ್ಪಿಗೆಯಿದೆ ಎಂದ ಮಾತ್ರಕ್ಕೆ ನಿರಪಾಯ ಎಂದಲ್ಲ.

ಎಲೆಚುಕ್ಕೆ ರೋಗಕ್ಕೂ ಇದೇ ಸಾಕಾ?

ಕೊಳೆರೋಗದ ಜೀವಿಯೂ ಎಲೆಚುಕ್ಕೆಯ ಶಿಲೀಂಧ್ರವೂ ಬೇರೆ ಬೇರೆ. ಬೋರ್ಡೋ ಎರಡೂ ಕಡೆ ತಡೆಯಾಗಿ ಮಾತ್ರ ಕೆಲಸ ಮಾಡುತ್ತದೆ, ಬಂದ ರೋಗವನ್ನು ವಾಸಿಮಾಡುವುದಿಲ್ಲ. ಅಡಿಕೆ ಕೊನೆಗೆ ಹೊಡೆಯುವುದನ್ನು ಸೋಗೆಗೂ (ಮರದ ಎಲೆಗೂ) ಹೊಡೆಯುತ್ತ ಹೋದರೆ ಮೇಲೆ ಹೇಳಿದ ತಾಮ್ರದ ಲೆಕ್ಕ ಎರಡು ಪಟ್ಟಾಗುತ್ತದೆ. ಎಲೆಚುಕ್ಕೆ ಹೆಚ್ಚಿರುವ ತೋಟದವರು ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನೋ ಇರುವಕ್ಕಿಯ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯವನ್ನೋ ಕೇಳಿ ಆ ಶಿಲೀಂಧ್ರಕ್ಕೆ ಹೇಳಿದ ಔಷಧಿಯನ್ನು ಬಳಸುವುದು ಮೇಲು.

ಹಾಗಾದ್ರೆ ತಾಮ್ರ ಕಡಿಮೆ ಮಾಡೋಕೆ ದಾರಿ ಏನು?

ಹೊಡೆಯುವುದನ್ನು ನಿಲ್ಲಿಸುವುದು ದಾರಿಯಲ್ಲ. ಒಂದು ಮಳೆಗಾಲ ಬಿಟ್ಟ ತೋಟದಲ್ಲಿ ನೆಲದ ತುಂಬ ಉದುರಿದ ಕೊಳೆ ಅಡಿಕೆ ನೋಡಿದವರು ಹಾಗೆ ಹೇಳಲಾರರು. ಮೊದಲ ಸಿಂಪರಣೆಯನ್ನು ಮಳೆ ಹಿಡಿಯುವ ಮುಂಚೆ, ಕೊನೆ ಒಣಗಿರುವಾಗ, ಒಳ್ಳೆಯ ಅಂಟು ಸೇರಿಸಿ ಹೊಡೆದರೆ ಮೂರನೆಯದರ ಅಗತ್ಯ ಹಲವು ವರ್ಷ ಬರುವುದಿಲ್ಲ. ಶೇ. 1 ಸಾಕಾಗುವಲ್ಲಿ “ಸ್ವಲ್ಪ ಗಟ್ಟಿ ಇರಲಿ” ಎಂದು ಒಂದೂವರೆ ಕೆ.ಜಿ. ಹಾಕುವುದರಿಂದ ರೋಗ ಒಂದೂವರೆ ಪಟ್ಟು ಕಡಿಮೆಯಾಗದು. ಉದುರಿದ ಕೊಳೆಕಾಯಿಯನ್ನೂ ಒಣಗಿದ ಕೊನೆಯನ್ನೂ ಹೆಕ್ಕಿ ತೋಟದಿಂದ ಹೊರಹಾಕುವುದು, ಬಸಿಗಾಲುವೆಯ ಹೂಳು ತೆಗೆದು ನೀರು ನಿಲ್ಲದಂತೆ ಮಾಡುವುದು, ನೆರಳು ದಟ್ಟವಾದ ಕಡೆ ಗಾಳಿ ಆಡುವಂತೆ ಮಾಡುವುದು, ಇವು ತುತ್ತದ ಬೆಲೆಗಿಂತ ಕೂಲಿಯನ್ನು ಹೆಚ್ಚು ಬೇಡುತ್ತವೆ ಎಂಬುದು ನಿಜವಾದ ಅಡಚಣೆ. ಅನುಕೂಲವಿರುವವರು ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಅದರಿಂದ ತಾಮ್ರ ಹೊಡೆಯುವುದು ತಪ್ಪುತ್ತದೆ, ಆದರೆ ಮಳೆಗಾಲ ಮುಗಿದ ಮೇಲೆ ಆ ಹಾಳೆಗಳನ್ನು ಬಿಚ್ಚಿ ಒಟ್ಟುಮಾಡದಿದ್ದರೆ ಇನ್ನೊಂದು ಕಸ ತೋಟಕ್ಕೆ ಸೇರುತ್ತದೆ.